ಬೆಟ್ಟದಮ್ಮನ ಕೂದಲು

ಚೆಲುವಾಜಮ್ಮ ಊರ ಬೆಟ್ಟವನ್ನೇ ನೋಡಿ ನೋಡಿ ಒಂದು ಬೆಟ್ಟದಮ್ಮನ ಬೊಂಬೆ ಮಾಡಿದ್ದಳು. ಬಂಡೆಯ ಬಣ್ಣದ ಬಟ್ಟೆಯ ಮೈ, ಗುಲಗಂಜಿ ಕಣ್ಣು, ತಲೆಗೆ ಹಸಿರು ಹುಲ್ಲೆಳೆಗಳ ಉದ್ದ ಕೂದಲು. ನಾಳೆಯೇ ಊರಲ್ಲಿ ಬೊಂಬೆಗಳ ಪ್ರದರ್ಶನ. ಅಂಟು ಒಣಗಲೆಂದು ಜಗಲಿಯ ಮೇಲಿಟ್ಟಿದ್ದ ಬೊಂಬೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಬೋಳಾಗಿತ್ತು.

“ನಿನ್ನ ಮೇಕೇದೇ ಕೆಲಸ!” ಎಂದು ಪಕ್ಕದ ಮನೆಯ ಸಣ್ಣಮ್ಮನ ಮೇಲೆ ಹರಿಹಾಯ್ದಳು.

“ಮೇಕೆ ಕಟ್ಟಾಕಿವ್ನಿ ಕಣಕ್ಕ, ಬಂದು ನೋಡು.”

“ಹಂಗಾದ್ರೆ ಯಾರೋ ಬೇಕಂತಲೇ ಕಿತ್ತವ್ರೆ. ಇನ್ನೊಬ್ರು ಕಷ್ಟಪಟ್ಟು ಹೆಣೆದದ್ದನ್ನ ಕಿತ್ಕೊಂಡೋರ ಕೈ ಸೇದೋಗ!”

ಇಬ್ಬರೂ ಬಾಗಿಲ ಮರೆಯಲ್ಲಿ ಕಾದು ಕುಳಿತರು. ತುಸು ಹೊತ್ತಿಗೆ ಹಳದಿ ತಲೆಯ ಗೀಜಗವೊಂದು ಹಾರಿಬಂತು. ಬೊಂಬೆಯ ಹೆಗಲೇರಿ ಒಂದೆಳೆ ಕೂದಲು ಕಿತ್ತು, ಬಾವಿಯ ಪಕ್ಕದ ಈಚಲಮರಕ್ಕೆ ಒಯ್ದು ಗೂಡು ಹೆಣೆಯತೊಡಗಿತು.

ಸಣ್ಣಮ್ಮ ಬಿದ್ದು ಬಿದ್ದು ನಕ್ಕಳು. “ಕಳ್ಳ ಸಿಕ್ಕಿಬಿದ್ದ! ಪಾಪ, ಶಾಪ ವಾಪಸ್ ತಗೊಳ್ಳಕ್ಕ. ಅಲ್ಲಾ, ಇಷ್ಟು ನವುರಾಗಿ ಸೀಳಿದ ಹುಲ್ಲು ನಿಂಗೆಲ್ಲಿ ಸಿಕ್ತು?”

ಚೆಲುವಾಜಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

“ಅದೇ ಮರದಾಗೆ ಕಣೆ. ಅರ್ಧ ಕಟ್ಟಿದ್ದ ಗೂಡು, ಹಕ್ಕಿ ಬಿಟ್ಟೋಗೈತೆ ಅಂದ್ಕೊಂಡು ಬಿಚ್ಕೊಂಡು ಬಂದಿದ್ದೆ.”