ಅಕ್ಷರದಲ್ಲಿ ಬರೆದ ವಯಸ್ಸು

"ಆ್ಯಪ್ ಮತ್ತೆ ಮುಚ್ಕೊಳ್ತು ನೋಡು," ಎನ್ನುತ್ತಾ ನರ್ಸ್ ಅಡೊಂಗೊ ಫೋನನ್ನು ನಫುಲಾಳ ಮುಂದೆ ಹಿಡಿದಳು. ಆಸ್ಪತ್ರೆಯ ಒಳಗೆ ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಂತಿರಲಿಲ್ಲ. ಓ ನೆಗೆಟಿವ್ ರಕ್ತ ಬೇಕಿತ್ತು. ಊರಿನ ರಕ್ತದಾನಿಗಳ ಹೆಸರೆಲ್ಲ ಇದ್ದದ್ದು ನಫುಲಾ ಬರೆದ ಆ್ಯಪಿನಲ್ಲಿ.

ನಫುಲಾ ಲ್ಯಾಪ್‌ಟಾಪ್ ತೆರೆದು ದೋಷದ ಸಾಲು ಓದಿದಳು. ಹೊಸದಾಗಿ ಸೇರಿದ ದಾನಿಯೊಬ್ಬ ವಯಸ್ಸಿನ ಜಾಗದಲ್ಲಿ 40 ಎಂಬ ಅಂಕಿಯ ಬದಲು 'ಅರೊಬೈನಿ' ಎಂಬ ಸ್ವಾಹಿಲಿ ಪದ ಬರೆದಿದ್ದ. ಅಂಕಿಯನ್ನಷ್ಟೇ ಬಲ್ಲ ಆ್ಯಪ್ ಅದನ್ನು ಓದಲಾರದೆ ಪ್ರತಿಸಲ ಮುಚ್ಚಿಕೊಳ್ಳುತ್ತಿತ್ತು.

"ಆ ಒಂದು ದಾಖಲೆ ಅಳಿಸಿಬಿಡು ಮಾರಾಯ್ತಿ, ಮಿಕ್ಕವರಾದ್ರೂ ಕಾಣ್ಲಿ," ಎಂದ ನಫುಲಾಳ ಸಹೋದ್ಯೋಗಿ ಬರಾಸಾ. "ವಯಸ್ಸು ಬರಿಯೋಕೆ ಬಾರದವ್ನು ರಕ್ತ ಏನ್ ಕೊಟ್ಟಾನು?"

ಅವಳ ಬೆರಳು ಅಳಿಸುವ ಗುಂಡಿಯ ಮೇಲಿತ್ತು. ಒತ್ತುವ ಮುಂಚೆ ದಾಖಲೆಯ ಉಳಿದ ಸಾಲುಗಳ ಮೇಲೆ ಕಣ್ಣು ಹಾಯಿಸಿದಳು. ಹೆಸರು ಒಕುಮು. ರಕ್ತದ ಗುಂಪು ಓ ನೆಗೆಟಿವ್. ಬೆರಳು ತೆಗೆದು, ಪದದ ಜಾಗದಲ್ಲಿ ಅಂಕಿ ಹಾಕಿದಳು. ಆ್ಯಪ್ ತೆರೆದುಕೊಂಡಿತು. ಆ ಗುಂಪಿನಲ್ಲಿ ಇದ್ದವನು ಅವನೊಬ್ಬನೇ. ಅಡೊಂಗೊ ಕೂಡಲೇ ಅವನಿಗೆ ಕರೆ ಮಾಡಿ ವಿಷಯ ಹೇಳಿದಳು.

"ಬೈಕ್ ಟ್ಯಾಕ್ಸಿ ಸ್ಟ್ಯಾಂಡಲ್ಲೇ ಇದ್ದೀನಿ ಸಿಸ್ಟರ್," ಎಂದಿತು ಆ ಕಡೆಯ ದನಿ. ಬೈಕ್ ಶುರುವಾದ ಸದ್ದು ಕೇಳಿಸಿತು. "ಯಾವ ಬಾಗಿಲಿಗೆ ಬರ್ಲಿ?"