ಸುಟ್ಟುಹೋದ ಕಾರ್ಡು

"ಒಂದು ತಿಂಗಳಿಂದ ಈ ನೋಟ್‌ಬುಕ್ ಹಿಡ್ಕೊಂಡು ಬಂದು ತಲೆ ತಿಂತಿದ್ದೀರ ಮೇಡಂ. ಇವತ್ತಾದ್ರೂ ಹೊಸ ಕಂಪ್ಯೂಟರ್ ತಗೊಂಡು ಹೋಗ್ತೀರೋ ಇಲ್ವೋ?" ಕಂಪ್ಯೂಟರ್ ಅಂಗಡಿಯವನು ಗದರಿದ.

"ಕ್ಯಾಬಿನೆಟ್ ತೆಗೆದು ತೋರಿಸಿ. ನೋಡದೆ ತಗೊಳ್ಳಲ್ಲ."

ಅವಳು ಮದುವೆ ಆಲ್ಬಮ್ ಮಾಡಿಕೊಡುವವಳು. ಹಳೆಯ ಕಂಪ್ಯೂಟರನ್ನು ರಿಪೇರಿಗೆ ತಂದಾಗ, ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಗಿದೆ, ಗುಜರಿಗೆ ಹಾಕಿದೆ ಎಂದವನು ಇವನೇ. ಆಮೇಲೆ ಅವಳು ಸಿಕ್ಕಿದ್ದನ್ನೆಲ್ಲ ಓದಿ, ಹತ್ತು ಕಡೆ ವಿಚಾರಿಸಿ, ಹೊಸ ಕಂಪ್ಯೂಟರಿಗೆ ಬೇಕಾದ ಒಂದೊಂದು ಭಾಗವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಜೋಡಿಸಿಕೊಡಲು ಇವನಿಗೇ ಹೇಳಿದ್ದಳು. ಕಾರ್ಡು ಮಾತ್ರ ಹಿಂದಿನ ಮಾಡೆಲ್ಲೇ ಇರಲಿ, ಅದಕ್ಕಿಂತ ಒಳ್ಳೆಯದು ಈ ಬೆಲೆಗೆ ಇಲ್ಲ ಎಂದು ಅವನಿಗೆ ಹೇಳಿದ್ದಳು.

"ಎಲ್ಲಾ ಸೀಲ್ ಒಡೆದು ನಾನೇ ಹಾಕಿದೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ."

"ನಾಲ್ಕಕ್ಷರ ಓದಿ ಇಂಜಿನಿಯರ್ ಆಗ್ಬಿಟ್ರಾ? ಆಯುಧಪೂಜೆ ಅಂತ ಕಂಪ್ಯೂಟರ್ ಒಳಗೆಲ್ಲಾ ಕುಂಕುಮ ಹಾಕೋ ಜನ ನೀವು! ಒರೆಸಿ ಒರೆಸಿ ನನ್ನ ಕೈ ಬಿದ್ದುಹೋಯ್ತು. ಸುಡದೆ ಇನ್ನೇನಾಗುತ್ತೆ?"

"ಹಾಕಿದ್ದು ನಮ್ಮತ್ತೆ. ನೀವು ಮೊದಲು ತೆಗೀರಿ."

ಅವನು ಹಲ್ಲು ಕಡಿಯುತ್ತ ಸ್ಕ್ರೂ ಬಿಚ್ಚಿ, ಹೊಸ ಕಾರ್ಡನ್ನು ಹೊರತೆಗೆದು ಅವಳ ಮುಂದೆ ಹಿಡಿದ. "ನೋಡ್ಕೊಳ್ಳಿ. ಒಂದು ಚೂರು ಧೂಳಿದ್ರೆ ಹೇಳಿ."

ಧೂಳು ಇರಲಿಲ್ಲ. ಅವಳು ಅದನ್ನು ತೆರೆದಿಟ್ಟ ನೋಟ್‌ಬುಕ್ಕಿನ ಮೇಲೆ ಬೋರಲು ಹಿಡಿದು ಮೆಲ್ಲಗೆ ತಟ್ಟಿದಳು.

ಫ್ಯಾನಿನ ಸಂದಿಯಿಂದ ಚಿಟಿಕೆ ಕುಂಕುಮ ಉದುರಿತು.