ಯಾರದು ಅಗ್ಗದ ಮನೆ

ತುಂಗಾಬಾಯಿ ಎರಡನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದು ಬೋರವ್ವನ ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ರೊಟ್ಟಿ ಬಡಿಯುವ ಸದ್ದು. ಬಾಗಿಲ ಪಕ್ಕ ಗೋಣಿಚೀಲದ ಮೇಲೆ ಕೆಂಪು ಮೆಣಸಿನಕಾಯಿ ಹರಡಿತ್ತು. ಅವಳಿಗೆ ಅಷ್ಟು ಸಾಕಿತ್ತು.

"ಸಿಕ್ಕಿತ್ರಿ," ಎಂದಳು, ಕೆಳಗಿಳಿದು ರಮೇಶನ ಮುಂದೆ.

ರಮೇಶ ಭೂತನಾಳದ ಆ ಹೊಸ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷ. ಕಟ್ಟಡ ಕಟ್ಟುವವರು ಬಡವರಿಗೂ ಅಗ್ಗದ ದರದಲ್ಲಿ ಮನೆ ಕೊಡಬೇಕೆಂಬುದು ನಗರದ ನಿಯಮ. ಅವರ ಬ್ಲಾಕಿನಲ್ಲಿ ಅಂಥದ್ದು ಒಂದೇ ಒಂದು. ಯಾವುದೆಂದು ತಿಳಿಯಬಾರದೆಂದು ಬಾಗಿಲು, ಬಣ್ಣ, ಟೈಲ್ಸ್ ಎಲ್ಲವೂ ಒಂದೇ ಥರ. ಬಿಲ್ಡರ್ ಬಾಯಿ ಬಿಡುತ್ತಿರಲಿಲ್ಲ. ಆದರೆ ಸೋಮವಾರದಿಂದ ಲಿಫ್ಟಿಗೆ ಕಾರ್ಡು ಬರಲಿತ್ತು. ಅಗ್ಗದ ಮನೆಯವರಿಗೆ ಕಾರ್ಡಿಲ್ಲ ಎಂದು ಸಂಘ ತೀರ್ಮಾನಿಸಿತ್ತು.

ಪತ್ತೆ ಹಚ್ಚುವ ಕೆಲಸವನ್ನು ತುಂಗಾಬಾಯಿ ತಾನಾಗಿಯೇ ವಹಿಸಿಕೊಂಡಿದ್ದಳು. ಮನೆ ನಾಲ್ಕನೇ ಮಹಡಿ, ಮೊಣಕಾಲು ಸವೆದಿವೆ. ಲಿಫ್ಟಿನ ಬೆಲೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ರೊಟ್ಟಿ ನಮ್ಮ ಮನ್ಯಾಗೂ ಬಡೀತಾರಲ್ರಿ," ಎಂದ ರಮೇಶ.

"ಆಕಿ ಲಿಫ್ಟ್ ಹತ್ತಿದ್ದು ನೋಡೀರೇನು? ಒಂದ್ ದಿನಾನೂ ಇಲ್ಲ. ಮೊನ್ನೆ ಹಾಲಿನಾವಗ ಲಿಫ್ಟ್ ತೋರಿಸಿ, 'ಗಾಡಿ ಬಾವಿ ಕಡೆ ನಿಲ್ಲಸು' ಅಂದಾಳ. ಲಿಫ್ಟಿಗೆ ಬಾವಿ ಅನ್ನಾಕಿ! ಚೀಟ್ಯಾಗ ಮನಿ ಬಂದಾವ್ರು ಹಂಗಽ ನೋಡ್ರಿ."

"ಚೀಟಿ ಎತ್ತಿ ಕೊಟ್ಟಾರೇನು? ನನಗ ಗೊತ್ತಽ ಇಲ್ಲ."

"ಊರಿಗೆಲ್ಲ ಗೊತ್ತೈತಿ ಬಿಡ್ರಿ."

"ನಿಮ್ಮ ಮನ್ಯಾಗ ಕುಂತು ಚಾ ಕುಡಕೋತ ಮಾತಾಡೂಣು, ನಡೀರಿ."

"ನಮ್ಮಲ್ಲಿ ಪೇಂಟಿಂಗ್ ನಡದೈತ್ರಿ," ಎಂದಳು ತುಂಗಾಬಾಯಿ. ಅದು ಯುಗಾದಿಯಿಂದ ನಡೆದೇ ಇತ್ತು.

ರವಿವಾರ ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿ ಸಭೆ ಸೇರಿತು. ರಮೇಶ ಗಂಟಲು ಸರಿಮಾಡಿಕೊಂಡ.

"ಬೋರವ್ವಾರ, ತಪ್ಪು ತಿಳೀಬ್ಯಾಡ್ರಿ. ಆ ಅಗ್ಗದ ಮನಿ ನಿಮ್ದಽ ಏನು?"

ಬೋರವ್ವ ತುಂಗಾಬಾಯಿಯ ಮುಖ ನೋಡಿದಳು. ಆಮೇಲೆ ಆಕೆಯ ಮೊಣಕಾಲು ನೋಡಿದಳು; ತುಂಗಾಬಾಯಿ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

"ಹಂಗಽ ಅನ್ಕೋರಿ," ಎಂದಳು. "ನನಗಂತೂ ಲಿಫ್ಟ್ ಬ್ಯಾಡ."

ಸಭೆ ನಿರಾಳವಾಯಿತು. ಮೊದಲ ಕಾರ್ಡು ತುಂಗಾಬಾಯಿಗೇ ಸಿಕ್ಕಿತು.

ಸೋಮವಾರ ಅವಳು ಕಾರ್ಡು ಹಿಡಿದು ಲಿಫ್ಟಿಗೆ ಕಾಯುತ್ತಿದ್ದಳು. ಬೋರವ್ವ ಕಾಯಿಪಲ್ಲೆ ಚೀಲ ಹಿಡಿದು ಮೆಟ್ಟಿಲ ಕಡೆ ಹೊರಟಳು. ಗೆದ್ದವರಿಗೆ ಬರುವ ಕರುಣೆ ತುಂಗಾಬಾಯಿಗೂ ಬಂತು.

"ಸಿಟ್ಟಾಗಬ್ಯಾಡ ಬೋರವ್ವಾ. ನಿಯಮ ಅಂದ್ರ ನಿಯಮ."

"ಸಿಟ್ಟ್ಯಾಕ್ರಿ? ಇದು ನಮ್ಮ ಹೊಲ ಇತ್ತು. ಬಿಲ್ಡರ್‌ಗ ಕೊಟ್ಟು ಮನಿ ತಗೊಂಡೇನಿ. ಈಗ ನೀವು ನಿಂತೀರಲ್ಲ, ಅಲ್ಲೇ ಬಾವಿ. ಸಣ್ಣಾಕಿದ್ದಾಗ ಅದರಾಗ ಬಿದ್ದಿದ್ದೆ. ಆ ಜಾಗಾದಾಗ ಇಳಿಯೂದು ಹತ್ತೂದು ಅಂದ್ರ ಇವತ್ತಿಗೂ ಅಂಜಿಕಿ."

ತುಂಗಾಬಾಯಿ ಕಾರ್ಡು ಒತ್ತಿದಳು. ಲಿಫ್ಟಿನ ಬಾಗಿಲು ತೆರೆಯಿತು.

"ಹತ್ರಿ ಅಕ್ಕಾರ, ಮೊಣಕಾಲು ನೋಯ್ತಾವ," ಎಂದಳು ಬೋರವ್ವ, ಮೊದಲ ಮೆಟ್ಟಿಲಲ್ಲಿ ನಿಂತು. "ಮನಿ ಹಂಚಿದ ದಿನ ಹೊಲದಾಕಿ ಅಂತ ನನ್ನ ಎಲ್ಲಾರ ಮುಂದ ಕುಂಡ್ರಿಸಿದ್ರು. ನೀವು ಖುಷಿಗೆ ಅಳಾಕತ್ತಿದ್ರಿ, ನನ್ನ ಮಾರಿ ಎಲ್ಲಿ ನೋಡ್ತೀರಿ?"

ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಆ ಅಗ್ಗದ ಮನಿಗೆ ನಿಮ್ಮ ಹೆಸರಿನ ಚೀಟಿ ಎತ್ತಿದಾಕಿ ನಾನಽ."